ಸ್ಪ್ರಿಂಗ್ ಬಂದೂಕಿನ ಚಾಂಚಲ್ಯ

ಜಾತ್ರೆಗಳಲ್ಲಿ ಬಲೂನು ಹೊಡೆಯಲು ಕೊಡುವ ಏರ್‌ಗನ್ನನ್ನು ನಿಮ್ಮಲ್ಲಿ ಹಲವರು ಹಿಡಿದಿರುತ್ತೀರಿ. ಗುರಿ ತಪ್ಪಿದರೆ ಕೈ ನಡುಗಿತೆಂದು ಭಾವಿಸಿ ಮುಂದಿನ ಸಲ ಇನ್ನಷ್ಟು ಬಿಗಿಯಾಗಿ ಹಿಡಿಯುವುದು ವಾಡಿಕೆ. ವಾಸ್ತವವಾಗಿ ಆ ಬಿಗಿಹಿಡಿತವೇ ತೊಡಕು. ಯುರೋಪಿನ ಕುಶಲಕರ್ಮಿಗಳು ಈ ತೊಡಕಿನೊಡನೆ ದಶಕಗಳ ಕಾಲ ಹೆಣಗಿದ್ದಾರೆ.

1904ರಲ್ಲಿ ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ ತನ್ನ ಸ್ಪ್ರಿಂಗ್ ರೈಫಲ್ಲಿಗೆ ಪೇಟೆಂಟ್ ಪಡೆದನು. ಮರುವರ್ಷ ಬಿ.ಎಸ್.ಎ. ಕಂಪೆನಿ ಅದರ ತಯಾರಿಕೆಗೆ ತೊಡಗಿತು. ಬೋಯರ್ ಯುದ್ಧ 1902ರಲ್ಲಷ್ಟೇ ಮುಗಿದಿತ್ತು. ಇಂಗ್ಲೆಂಡಿನಲ್ಲಿ ಗುರಿಯಭ್ಯಾಸದ ಉತ್ಸಾಹ ಹೆಚ್ಚಿದ ಕಾಲವದು. ಪಾನಗೃಹಗಳಲ್ಲಿಯೂ ಸ್ಪರ್ಧೆಗಳು ನಡೆಯುತ್ತಿದ್ದವು. ಆರು ಗಜ ದೂರದ ಲೋಹದ ಫಲಕದ ಪುಟ್ಟ ರಂಧ್ರದೊಳಗೆ ಗುಂಡು ತೂರಿದರೆ ಹಿಂದಿನ ಗಂಟೆ ಬಾರಿಸುತ್ತಿತ್ತು!

ಈ ಬಂದೂಕಿನಲ್ಲಿ ಮದ್ದಿಲ್ಲ. ಟ್ರಿಗರ್ ಎಳೆದೊಡನೆ ಅದುಮಿಟ್ಟ ಸ್ಪ್ರಿಂಗ್ ಭಾರವಾದ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಬಂದೂಕು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊನೆ ಮುಟ್ಟುವಾಗ ಒತ್ತಡಕ್ಕೊಳಗಾದ ಗಾಳಿ ಅದನ್ನು ತಡೆಯುವುದರಿಂದ ಬಂದೂಕು ಈಗ ಮುಂದಕ್ಕೆ ಕುಲುಕುತ್ತದೆ. ಸೀಸದ ಗುಂಡು ನಳಿಕೆಯನ್ನು ಬಿಡುವ ಮೊದಲೇ ಚಲನೆ ಆರಂಭವಾಗಿರುತ್ತದೆ. ಅದನ್ನು ತಡೆಯುವುದು ನಮ್ಮಿಂದಾಗದು. ಪ್ರತಿ ಸಲವೂ ಅದು ಒಂದೇ ರೀತಿಯಾಗಿರುವಂತೆ ನೋಡಿಕೊಳ್ಳಬಹುದಷ್ಟೆ.

ಆದುದರಿಂದ ಬಂದೂಕಿನ ಮುಂಭಾಗವನ್ನು ತೆರೆದ ಅಂಗೈಯ ಮೇಲೆ ಸುಮ್ಮನೆ ಇರಿಸಬೇಕು, ಬೆರಳುಗಳಿಂದ ಬಿಗಿಯಬಾರದು. ಅಂಗೈ ಪ್ರತಿ ಸಲವೂ ಅದೇ ಜಾಗದಲ್ಲಿರಲಿ. ಹೆಗಲಿಗೆ ಹಗುರವಾಗಿ ತಾಗಿದರೆ ಸಾಕು. ಕಲ್ಲು, ಮರದಂತಹ ಗಟ್ಟಿ ಆಸರೆಯ ಮೇಲಿಟ್ಟರೆ ಬಂದೂಕು ಪುಟಿದು ಗುಂಡು ಬೇರೆಡೆ ಬೀಳುತ್ತದೆ. ಟ್ರಿಗರ್ ಎಳೆದ ಮೇಲೂ ಕ್ಷಣಕಾಲ ದೃಷ್ಟಿಯನ್ನು ಗುರಿಯಲ್ಲೇ ನೆಡಬೇಕು. ಗುಂಡಿಲ್ಲದೆ ಹೊಡೆಯಲೇಬಾರದು, ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ನೇರವಾಗಿ ಅಪ್ಪಳಿಸಿ ಹಾಳಾಗುತ್ತದೆ. (ಮಕ್ಕಳ ಕೈಗೆ ಕೊಡುವಾಗ ಹಿರಿಯರು ಪಕ್ಕದಲ್ಲಿರಬೇಕೆಂದು ಬೇರೆ ಹೇಳಬೇಕೆ?)

ಜರ್ಮನಿಯ ಫೈನ್‌ವೆರ್ಕ್‌ಬೌ ಸಂಸ್ಥೆ 1960ರ ದಶಕದಲ್ಲಿ ಹುಡುಕಿದ ಉಪಾಯ ನನಗೆ ಬಹಳ ಮೆಚ್ಚಿಗೆ. ಮರದ ಹಿಡಿಯೊಳಗೆ ಹಳಿಗಳನ್ನಿಟ್ಟು, ಹೊಡೆದಾಗ ನಳಿಕೆಸಹಿತ ಇಡೀ ಯಂತ್ರಭಾಗ ಅವುಗಳ ಮೇಲೆ ಹಿಂದಕ್ಕೆ ಜಾರುವಂತೆ ಅವರು ರಚಿಸಿದರು. ಹೆಗಲಿಗೆ ಏನೂ ತಿಳಿಯದು. ತೆರೆದ ಅಂಗೈ ಮಾಡುವ ಕೆಲಸವನ್ನೇ ಹಳಿಗಳಿಗೆ ಒಪ್ಪಿಸಿದಂತಾಯಿತು. ಅದೇ ದಶಕದಲ್ಲಿ, 1966ರ ವೀಸ್‌ಬಾಡೆನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಏರ್ ರೈಫಲ್ ಸ್ಪರ್ಧೆ ಸೇರಿತು. 1984ರಲ್ಲಿ ಒಲಿಂಪಿಕ್ಸನ್ನೂ ಪ್ರವೇಶಿಸಿತು.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಸ್ಪರ್ಧೆಯಲ್ಲಿ ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಚಿನ್ನ ಗೆದ್ದುದು ನಿಮಗೆ ನೆನಪಿರಬಹುದು. ಅಷ್ಟರಲ್ಲಿ ಆ ಮಟ್ಟದ ಸ್ಪರ್ಧೆಗಳಲ್ಲಿ ಸ್ಪ್ರಿಂಗ್ ಮರೆಯಾಗಿ, ಮೊದಲೇ ತುಂಬಿಸಿಟ್ಟ ಒತ್ತಡದ ಗಾಳಿ ಅದರ ಸ್ಥಾನಕ್ಕೆ ಬಂದಿತ್ತು.