ಒಂದು ಬಾಟಲಿ ನ್ಯಾನೊ ಯೂರಿಯಾ ಒಂದು ಚೀಲಕ್ಕೆ ಸಮವೇ? ಲೆಕ್ಕ ಹಾಕಿ ನೋಡೋಣ

‘ಅರ್ಧ ಲೀಟರ್ ನ್ಯಾನೊ ಯೂರಿಯಾ ಒಂದು ಚೀಲ ಯೂರಿಯಾಕ್ಕೆ ಸಮ’ ಎಂಬ ಮಾತು 2021ರಲ್ಲಿ ಈ ಬಾಟಲಿ ಮಾರುಕಟ್ಟೆಗೆ ಬಂದಾಗಿನಿಂದಲೂ ಕೇಳಿಬರುತ್ತಿದೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ಕಡೆ ಮುಸುಕಿನ ಜೋಳ ಹಾಕಿರುವವರು ಇದನ್ನು ನಂಬಿ ಮೇಲುಗೊಬ್ಬರದ ಚೀಲ ಬಿಡುವ ಮೊದಲು ಒಂದು ಸಣ್ಣ ಗುಣಾಕಾರ ಮಾಡುವುದು ಒಳ್ಳೆಯದು.

ಯೂರಿಯಾ ಚೀಲದ ಮೇಲೆ 46 ಎಂದಿರುತ್ತದೆ. ಅದು ಸಾರಜನಕದ ಶೇಕಡಾವಾರು. ಎಲ್ಲಿಂದ ಬಂತು ಈ 46? ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲದ ತೂಕ 12, ಆಮ್ಲಜನಕ 16, ಎರಡು ಸಾರಜನಕ ಸೇರಿ 28, ನಾಲ್ಕು ಜಲಜನಕ ಸೇರಿ 4. ಒಟ್ಟು 60. ಅರವತ್ತರಲ್ಲಿ 28 ಎಂದರೆ ಶೇ 46ಕ್ಕಿಂತ ತುಸು ಹೆಚ್ಚು. ಶಾಲೆಯ ರಸಾಯನಶಾಸ್ತ್ರ ಇಷ್ಟೇ ಸಾಕು.

ಈಗಿನ ಚೀಲ 45 ಕೆ.ಜಿ.ಯದು (2018ಕ್ಕೆ ಮೊದಲು 50 ಇತ್ತು). ಅದರಲ್ಲಿ ಸಾರಜನಕ 20.7 ಕೆ.ಜಿ. ಮೊದಲು ಬಂದ ನ್ಯಾನೊ ಯೂರಿಯಾದಲ್ಲಿ ಶೇ 4, ಅಂದರೆ 500 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ. ಆಮೇಲೆ ಬಂದ ‘ಪ್ಲಸ್’ ಬಾಟಲಿಯಲ್ಲಿ ಸುಮಾರು 100 ಗ್ರಾಂ. ಒಂದು ಕಡೆ ಗ್ರಾಂ, ಇನ್ನೊಂದು ಕಡೆ ಕೆ.ಜಿ.!

‘ಚೀಲದ ಯೂರಿಯಾ ಬಹುಪಾಲು ಪೋಲಾಗುತ್ತದೆ, ಬಾಟಲಿಯದು ಎಲೆಯೊಳಗೆ ನೇರ ಇಳಿಯುತ್ತದೆ’ ಎಂಬ ಉತ್ತರ ಬರುತ್ತದೆ. ಪೋಲಾಗುವುದು ನಿಜ. ಹತ್ತರಲ್ಲಿ ಮೂರು ಪಾಲು ಮಾತ್ರ ಬೆಳೆಗೆ ಸಿಕ್ಕಿತು ಎನ್ನಿ, ಆದರೂ 6 ಕೆ.ಜಿ. ದಾಟುತ್ತದೆ. ಬಾಟಲಿಯ ಹನಿಹನಿಯೂ ಗಿಡಕ್ಕೆ ಸೇರಿದರೂ 100 ಗ್ರಾಂ ಮೀರುವುದಿಲ್ಲ. ಒಂದು ಕ್ವಿಂಟಲ್ ಮುಸುಕಿನ ಜೋಳದ ಕಾಳಿನಲ್ಲೇ ಸುಮಾರು ಒಂದೂವರೆ ಕೆ.ಜಿ. ಸಾರಜನಕ ಇರುತ್ತದೆ. ಅದು ಎಲ್ಲಿಂದಲಾದರೂ ಬರಲೇಬೇಕಲ್ಲ? ಗೊಬ್ಬರದಿಂದ ಬರದಿದ್ದರೆ ಮಣ್ಣಿನ ಉಳಿತಾಯದಿಂದ ಹೋಗುತ್ತದೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯವು ಯೂರಿಯಾ ಕಡಿಮೆ ಮಾಡಿ ನ್ಯಾನೊ ಸಿಂಪಡಿಸಿ ನೋಡಿದಾಗ ಭತ್ತ, ಗೋಧಿ ಎರಡರ ಇಳುವರಿಯೂ ಕುಸಿದಿತ್ತು. ಎಲೆಗೆ ಪೂರಕವಾಗಿ ಸಿಂಪಡಿಸುವುದಾದರೆ ನಮ್ಮ ತಕರಾರಿಲ್ಲ. ಚೀಲಕ್ಕೆ ಬದಲಿ ಎನ್ನುವ ಫಾರ್ವರ್ಡ್ ಮಾತ್ರ ತಪ್ಪು.

ಚೀಲದ ಸಂಖ್ಯೆ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿಗೆ ಪೊಟ್ಯಾಷ್ ಬೇಕು. ಅಂಗಡಿಯಲ್ಲಿ ಎಂಒಪಿ ಚೀಲದ ಮೇಲೆ 60, ಎಸ್ಒಪಿ ಮೇಲೆ 50. ಹೆಚ್ಚಿರುವುದೇ ಲಾಭ ಎಂದು 60 ತಂದು ಸುರಿದರೆ ಅದರ ಜೊತೆ ಕ್ಲೋರೈಡ್ ಕೂಡ ಗಿಡಕ್ಕೆ ಸೇರಿ, ಎಲೆ ಸರಿಯಾಗಿ ಉರಿಯದೆ ಗುಣಮಟ್ಟ ಕೆಡುತ್ತದೆ. ಹೊಗೆಸೊಪ್ಪಿಗೆ 50ರ ಚೀಲವೇ ಸರಿ.