ತಿಳವಳ್ಳಿ ಸೀಮೆಯ ನೆಲದೊಳಗಿನ ಲೋಹವಸ್ತುಗಳು

ಮಲೆನಾಡು ಮುಗಿಯುತ್ತ ಬಯಲುಸೀಮೆ ಇನ್ನೂ ಮೊದಲಾಗದಿರುವ, ಕೆರೆಗಳಿಂದಲೂ ಬತ್ತದ ಗದ್ದೆಗಳಿಂದಲೂ ತುಂಬಿದ ಹಾನಗಲ್ಲು ನಾಡಿನಲ್ಲಿ, ಸೇವುಣ ದೊರೆ ಸಿಂಘಣನ ಕಾಲದ ಶಾಂತೇಶ್ವರ ದೇವಾಲಯವನ್ನು ಇಂದಿಗೂ ಕಾಪಾಡಿಕೊಂಡಿರುವ ತಿಳವಳ್ಳಿಯಂತಹ ಊರಿನ ಹೊಲದಲ್ಲಿ, ನೇಗಿಲ ಕುಳಕ್ಕೆ ತಾಗಿ ಮೇಲೇಳುವ ಕಿಲುಬುಗಟ್ಟಿದ ತಾಮ್ರದ ತುಣುಕಾಗಲಿ, ಕೆರೆಯ ಹೂಳಿನೊಡನೆ ಬರುವ ತುಕ್ಕು ಹಿಡಿದ ಕಬ್ಬಿಣದ ಮುದ್ದೆಯಾಗಲಿ, ಕೈಗೆತ್ತಿಕೊಂಡವನಲ್ಲಿ ಇದು ಏನು, ಯಾರದು, ಯಾತಕ್ಕೆ ಬಳಕೆಯಾಗುತ್ತಿದ್ದಿತು ಎಂಬ ಕುತೂಹಲವನ್ನು ಹುಟ್ಟಿಸದೆ ಇರದು. ಈಚೆಗೆ ಬಳಕೆಗೆ ಬಂದಿರುವ ಲೋಹಶೋಧಕ ಯಂತ್ರವು ನೆಲದಡಿಯಲ್ಲಿ ಲೋಹವುಂಟೆಂದು ಸದ್ದುಮಾಡಿ ತಿಳಿಸಬಲ್ಲುದೇ ಹೊರತು ಈ ಪ್ರಶ್ನೆಗೆ ಉತ್ತರವನ್ನು ಕೊಡಲಾರದು; ಉತ್ತರವಿರುವುದು ಆ ವಸ್ತು ಬಿದ್ದಿದ್ದ ಮಣ್ಣಿನಲ್ಲಿ, ಅದರ ನೆರೆಯಲ್ಲಿದ್ದ ಮಡಕೆಚೂರು ಇದ್ದಿಲುಗಳಲ್ಲಿ, ಸುತ್ತಣ ಶಾಸನ ಶಿಲ್ಪಗಳಲ್ಲಿ, ಮತ್ತು ಕುಲುಮೆಯ ಮುಂದೆ ಕುಳಿತ ಕಮ್ಮಾರನ ನೆನಪಿನಲ್ಲಿ.

ಗುರುತು ಸಿಗದ ವಸ್ತುಗಳಲ್ಲಿ ಬಹುಪಾಲು ಒಕ್ಕಲುತನಕ್ಕೆ ಸೇರಿದವು. ಹಿಂದಿನ ಉಪಕರಣಗಳಲ್ಲಿ ಕಬ್ಬಿಣವು ಮೊನೆಗೋ ಅಂಚಿಗೋ ಮಾತ್ರ ಮೀಸಲಾಗಿದ್ದು, ಉಳಿದುದೆಲ್ಲ ಮರ, ತೊಗಲು, ಹಗ್ಗಗಳಾಗಿದ್ದುದರಿಂದ, ಅವೆಲ್ಲ ಮಣ್ಣಾಗಿ ಹೋದ ಬಳಿಕ ಉಳಿದ ಲೋಹಭಾಗವು ಅರ್ಥವಿಲ್ಲದ ತುಂಡಿನಂತೆ ಕಾಣುವುದು ಸಹಜವೇ ಆಗಿದೆ. ಎತ್ತಿನ ಗೊರಸು ಸೀಳಿದ್ದಾದುದರಿಂದ ಅದರ ಲಾಳವು ಕುದುರೆಯ ಲಾಳದಂತೆ ಒಂದೇ ಬಾಗುಪಟ್ಟಿಯಾಗಿರದೆ ಗೊರಸಿಗೆ ಎರಡರಂತೆ ಚಪ್ಪಟೆಯಾದ ತೆಳುಬಿಲ್ಲೆಗಳಾಗಿರುತ್ತದೆ. ಒಂಟಿಯಾಗಿ ಸಿಕ್ಕ ಅಂತಹ ಬಿಲ್ಲೆ, ಮೊಳೆಗಳ ತೂತುಗಳನ್ನು ಗಮನಿಸದವನಿಗೆ, ಯಾವುದೋ ಕವಚದ ಚೂರೆಂಬ ಭ್ರಾಂತಿಯನ್ನುಂಟುಮಾಡಬಲ್ಲುದು. ಗಾಲಿಯು ಅಚ್ಚಿನಿಂದ ಕಳಚದಂತೆ ತುದಿಯ ರಂಧ್ರದಲ್ಲಿ ತೂರಿಸುವ ಕಡಾಣಿಯೂ ಹಾಗೆಯೇ: ಬಂಡಿಯನ್ನು ಹೂಡಿ ಬಲ್ಲ ಮುದುಕನೊಬ್ಬನು ಕಂಡ ಕ್ಷಣವೇ ಹೆಸರಿಸುವ ಅದನ್ನು ಪಟ್ಟಣದ ಪಂಡಿತನು ಆಯುಧವೆಂದು ಬಗೆದಾನು. ಬಂಡಿಗಳು ಅಪರೂಪವಾಗುತ್ತಿರುವ ಈ ಕಾಲದಲ್ಲಿ ಈ ಜ್ಞಾನವನ್ನು ಬರೆದಿಟ್ಟುಕೊಳ್ಳುವುದು ಶಾಸನವೊಂದನ್ನು ಅಚ್ಚುಹಾಕಿಸುವಷ್ಟೇ ಪುಣ್ಯಕಾರ್ಯವೆಂದು ನಾನು ನಂಬಿದ್ದೇನೆ.

ಯುರೋಪಿನ ನೆಲದಲ್ಲಿ, ಹನ್ನೆರಡು ಪಂಚಕೋನ ಮುಖಗಳುಳ್ಳ, ಮುಖಮುಖಕ್ಕೂ ರಂಧ್ರವಿರುವ ರೋಮನ್ ಕಾಲದ ಟೊಳ್ಳು ಕಂಚಿನ ವಸ್ತುಗಳು ನೂರಕ್ಕೂ ಮಿಕ್ಕಿ ದೊರೆತಿದ್ದರೂ, ಅವುಗಳ ಉಪಯೋಗವನ್ನು ಹೇಳುವ ಬರೆಹವೊಂದೂ ಉಳಿಯದುದರಿಂದ ವಿದ್ವಾಂಸರು ಇಂದಿಗೂ ಊಹೆಯಲ್ಲಿಯೇ ತೊಳಲುತ್ತಿದ್ದಾರೆ. ನಮ್ಮ ಸೀಮೆಗೆ ಆ ದಾರಿದ್ರ್ಯವಿಲ್ಲ. ಗದ್ಯಾಣ, ಪಣ, ಹಾಗ, ವೀಸವೆಂಬ ನಾಣ್ಯಗಳನ್ನು ಇಲ್ಲಿನ ಶಾಸನಗಳು ಮತ್ತೆ ಮತ್ತೆ ಎಣಿಸುತ್ತವೆ. ಲೊಕ್ಕಿಗುಂಡಿಯ ಟಂಕಶಾಲೆಯ ಲೊಕ್ಕಿ ಗದ್ಯಾಣದ ಹೆಸರನ್ನು ಹೇಳುತ್ತವೆ. ಪಣವು ಅರ್ಧ ಗ್ರಾಮಿಗೂ ಕಡಮೆ ತೂಗುವ ಚಿನ್ನದ ಕಿರುಬಿಲ್ಲೆಯೆಂಬುದನ್ನು ಅರಿಯದವನು ಅದನ್ನು ಮುರಿದ ಒಡವೆಯ ಚೂರೆಂದು ಕರಗಿಸಿಬಿಟ್ಟಾನು. ಸೇವುಣರ ಪದ್ಮಟಂಕವಾದರೋ ಒಂದೇ ಅಚ್ಚಿನಲ್ಲಿ ಒತ್ತಿದುದಲ್ಲ: ತೆಳುವಾದ ಹೊನ್ನಿನ ಬಿಲ್ಲೆಯ ಒಂದು ಮುಖದ ಮೇಲೆ ನಡುವೆ ಪದ್ಮವನ್ನೂ ಸುತ್ತಲೂ ಶ್ರೀಕಾರ, ಶಂಖ, ಅರಸನ ಹೆಸರುಗಳನ್ನೂ ಬೇರೆಬೇರೆ ಮುದ್ರೆಗಳಿಂದ ಹೊಡೆದುದರಿಂದ ಅದು ಬಟ್ಟಲಿನಂತೆ ಬಾಗಿರುವುದು. 1824ರ ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕಿ ಬಿಡುಗಡೆ ಹೊಂದಿದ ಕಂಪನಿಯ ಅಧಿಕಾರಿ ವಾಲ್ಟರ್ ಎಲಿಯಟ್ಟನು ಕನ್ನಡ ನಾಡಿನ ಶಾಸನಗಳೊಡನೆ ಇಂತಹ ನಾಣ್ಯಗಳನ್ನೂ ಕೂಡಿಸಿ, 1886ರಲ್ಲಿ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಹೊರತಂದುದು ಸ್ಮರಣೀಯ. ದುಃಖದ ಸಂಗತಿಯೆಂದರೆ, ದೊರೆತ ತಾಮ್ರ ಕಂಚುಗಳನ್ನು ಹುಣಸೆಹಣ್ಣು ಹಚ್ಚಿ ಥಳಥಳಿಸುವಂತೆ ತಿಕ್ಕುವ ನಮ್ಮ ವಾಡಿಕೆಯಿಂದ, ಕಿಲುಬಿನ ಜೊತೆಯಲ್ಲಿಯೇ ಅಕ್ಷರವೂ ಮುದ್ರೆಯೂ ಸವೆದುಹೋಗುತ್ತವೆ.

ಆಯುಧಗಳ ವಿಷಯದಲ್ಲಿ ವೀರಗಲ್ಲುಗಳೇ ನಮಗೆ ನಿಘಂಟು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲನ್ನು ಮುತ್ತಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಅವನನ್ನು ತಡೆದ ಈ ನಾಡಿನಲ್ಲಿ, ಕತ್ತಿ ಕಠಾರಿ ಬಿಲ್ಲು ಗುರಾಣಿಗಳ ರೂಪವನ್ನು ಶಿಲ್ಪಿಯು ಕಲ್ಲಿನಲ್ಲಿ ಕಡೆದಿಟ್ಟಿದ್ದಾನೆ. ತುಕ್ಕು ತಿಂದ ಅಲಗನ್ನು ಅದರೊಡನೆ ಹೋಲಿಸಿ ನೋಡಿದರೆ ಹಿಡಿಯ ಬಾಗು, ಮೊನೆಯ ಅಗಲ ತಿಳಿದುಬರುತ್ತವೆ. 1756ರಲ್ಲಿ ಪೇಶ್ವೆಯೂ ನಿಜಾಮನೂ ಕೂಡಿ ಮುತ್ತಿದ ಸವಣೂರಿನತ್ತ ಹೋದರೆ ಫಿರಂಗಿಯ ಕಾಲದ ಬೇರೆಯೇ ಲೋಹಪ್ರಪಂಚವು ಎದುರಾಗುವುದು.

ನೆಲದೊಳಗಣ ವಸ್ತು ಯಾರಿಗೆ ಸಲ್ಲಬೇಕೆಂಬ ವಿಚಾರವೂ ಹಳೆಯದೇ. ಕೌಟಿಲ್ಯನು ನಿಧಿಯನ್ನು ಅರುಹಿದವನಿಗೆ ಆರನೆಯ ಒಂದು ಪಾಲನ್ನು ವಿಧಿಸಿದ್ದಾನೆ. ದಾನಶಾಸನಗಳು ಭೂಮಿಯೊಡನೆ ಕೊಡುವ ಅಷ್ಟಭೋಗಗಳಲ್ಲಿ ನಿಧಿ, ನಿಕ್ಷೇಪಗಳೂ ಸೇರಿವೆ. 1956ರ ವರೆಗೆ ಮುಂಬಯಿಯ ಆಡಳಿತದಲ್ಲಿದ್ದ ಈ ಸೀಮೆಗೆ 1878ರ ನಿಧಿ ಕಾಯಿದೆಯು ಅನ್ವಯಿಸುತ್ತಿದ್ದು, ಅದರ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಂಡವನು ಕಲೆಕ್ಟರರಿಗೆ ಬರೆದು ತಿಳಿಸಬೇಕಾಗಿದ್ದಿತು. ಇವೆಲ್ಲವನ್ನೂ ಕಡೆಗಣಿಸಿ, ಇರುಳಿನಲ್ಲಿ ಲಿಂಗದ ಪೀಠವನ್ನೂ ನಂದಿಯ ಬುಡವನ್ನೂ ಅಗೆಯುವ ನಿಧಿಗಳ್ಳರು ಮಾಡುವ ಹಾನಿ ಅಳೆಯಲಾರದುದು. ಅವರು ಒಯ್ಯುವುದು ಹೊನ್ನನ್ನಾದರೆ, ಅದರೊಡನೆ ಪದರಪದರವಾಗಿ ಕೂಡಿದ್ದ ಸಾಕ್ಷ್ಯವೆಲ್ಲ ಅಲ್ಲಿಯೇ ಕಲಸಿಹೋಗುತ್ತದೆ.

ಸಾಕ್ಷ್ಯವು ಕೆಡದೆ ದೊರೆತಾಗ ಏನಾಗುವುದೆಂಬುದಕ್ಕೆ ನೆರೆಯ ಹಿರೇಕೆರೂರು ಸೀಮೆಯ ಹಳ್ಳೂರೇ ಉದಾಹರಣೆ. ತುಂಗಭದ್ರೆಯ ದಡದ ಆ ದಿಬ್ಬವನ್ನು 1965ರಲ್ಲಿ ಉತ್ಖನನ ಮಾಡಿದ ಎಂ. ಎಸ್. ನಾಗರಾಜರಾಯರು ಕಬ್ಬಿಣದ ಬಾಣದ ಮೊನೆಗಳನ್ನು ಅವು ಇದ್ದ ಪದರದೊಡನೆಯೇ ಗುರುತಿಸಿದುದರಿಂದ, ಅಲ್ಲಿನ ಇದ್ದಿಲಿನ ವಿಕಿರಣ ಇಂಗಾಲದ ಪರೀಕ್ಷೆಯಿಂದ ಅವುಗಳ ಕಾಲವು ಕ್ರಿ. ಪೂ. 1000ದ ಸುಮಾರಿಗೆ ನಿಂತಿತು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಬಹು ತಡವಾಗಿ ಬಂದಿತೆಂಬ ಅಂದಿನ ಅಭಿಪ್ರಾಯವನ್ನು ತಿದ್ದಬೇಕಾಯಿತು. ಆ ಉತ್ಖನನದ ವರದಿಯು 1971ರಲ್ಲಿ ಧಾರವಾಡದಿಂದ ಪ್ರಕಟವಾಯಿತು.