ನಾಲಿಗೆಯ ತಪ್ಪಲ್ಲ: ಕೊರಿಯಾದವರ ಇಂಗ್ಲಿಷ್ ಕಲಿಕೆಯ ಕತೆ

ಅಮೆರಿಕದವರು ಬಾಳೆಹಣ್ಣಿಗೆ ‘ಬನಾನ’ ಅನ್ನುವಾಗ ನಡುವಿನ ಅಕ್ಷರ ಮಾತ್ರ ಜೋರಾಗಿ, ಉದ್ದವಾಗಿ ಕೇಳಿಸುತ್ತದೆ. ಮೊದಲ ಮತ್ತು ಕೊನೆಯ ಸ್ವರಗಳು ಬಾಯೊಳಗೇ ಮುಗಿದುಹೋಗುತ್ತವೆ. ಅದೇ ಪದ ಕೊರಿಯಾದವರ ಬಾಯಲ್ಲಿ ‘ಬಾನಾನಾ’. ಮೂರು ‘ಆ’ಗಳಿಗೂ ಸಮಪಾಲು. ‘ಕ್ಯಾಮೆರಾ’ದಲ್ಲೂ ಹಾಗೆಯೇ. ಅಮೆರಿಕದವರು ನಡುವಿನ ‘ಎ’ ನುಂಗಿ ‘ಕ್ಯಾಮ್ರ’ ಅಂದರೆ, ಕೊರಿಯಾದವರು ‘ಮೆ’ಯನ್ನು ಬಿಡಿಸಿ ಹೇಳುತ್ತಾರೆ.

ಯಾಕೆ? ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒತ್ತು ಬಿದ್ದರೆ ಪಕ್ಕದ ಸ್ವರಗಳು ಸೊರಗುತ್ತವೆ. ಸಿಯೋಲ್ ಕಡೆಯ ಕೊರಿಯನ್ ಮಾತಿನಲ್ಲಿ ಇಂಥ ಒತ್ತಿಲ್ಲ. 1443ರಲ್ಲಿ ರಾಜ ಸೆಜೊಂಗ್ ರೂಪಿಸಿದ ಹಂಗುಲ್ ಲಿಪಿಯಲ್ಲಿ ಕೊರಿಯನ್ ಸ್ವರಗಳಿಗೆ ಒಂದೊಂದು ಅಕ್ಷರವಿದೆ. ಸೊರಗಿದ ಸ್ವರ ಅವರ ಮಾತಿನಲ್ಲೇ ಇಲ್ಲ, ಅದಕ್ಕೆಂದೇ ಅಕ್ಷರವೂ ಇಲ್ಲ. ಹಾಗಾಗಿ ಬರೆದದ್ದನ್ನೆಲ್ಲ ಪೂರ್ತಿ ಉಚ್ಚರಿಸುತ್ತಾರೆ.

ಇತಿಹಾಸವೂ ಇದಕ್ಕೆ ಜೊತೆಯಾಯಿತು. 1882ರಲ್ಲಿ ಅಮೆರಿಕದ ಜೊತೆ ಒಪ್ಪಂದವಾದ ಮೇಲೆ, 1883ರಲ್ಲಿ ದುಭಾಷಿಗಳಿಗಾಗಿ ಸರ್ಕಾರಿ ಇಂಗ್ಲಿಷ್ ಶಾಲೆ ಶುರುವಾಯಿತು. 1886ರ ಇನ್ನೊಂದು ಸರ್ಕಾರಿ ಶಾಲೆಗೆ ಮೂವರು ಅಮೆರಿಕನ್ ಮೇಷ್ಟ್ರುಗಳು ಬಂದರು. ವಿದ್ಯಾರ್ಥಿಗಳು ಕಿವಿಯಿಂದ ಕಲಿತರು. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆ. ಇಂಗ್ಲಿಷ್ ಅಂದರೆ ವ್ಯಾಕರಣ, ಅನುವಾದ ಎಂಬಂತಾಯಿತು. ಕಿವಿಯ ಜಾಗಕ್ಕೆ ಕಣ್ಣು ಬಂತು. ಸ್ವಾತಂತ್ರ್ಯದ ನಂತರವೂ ಆ ಅಭ್ಯಾಸ ಬೇಗ ಹೋಗಲಿಲ್ಲ. 1993ರಲ್ಲಿ ಶುರುವಾದ ಹೊಸ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಕೇಳಿ ಉತ್ತರಿಸುವ ಪ್ರಶ್ನೆಗಳು ಬಂದವು. 1997ರಲ್ಲಿ ಮೂರನೇ ತರಗತಿಯಿಂದಲೇ ಇಂಗ್ಲಿಷ್ ಪಾಠ ಆರಂಭವಾಯಿತು.

ಪೈಪೋಟಿಯ ಜೊತೆ ನಾಚಿಕೆಯೂ ಬೆಳೆಯಿತು. ಇಂಗ್ಲಿಷಿನ ‘ರ’ಕಾರ ಸರಿಯಾಗಲಿ ಎಂದು ಕೆಲವು ತಂದೆ-ತಾಯಂದಿರು ಪುಟ್ಟ ಮಕ್ಕಳ ನಾಲಿಗೆಯ ಕೆಳಗಿನ ಪೊರೆ ಕತ್ತರಿಸುವ ಆಪರೇಷನ್ ಮಾಡಿಸಿದರು. 2003ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಾಡಿಸಿದ ಕಿರುಚಿತ್ರಗಳಲ್ಲಿ ಒಂದರ ವಿಷಯವೇ ಇದು.

ತಪ್ಪು ನಾಲಿಗೆಯದಾಗಿರಲಿಲ್ಲ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಕೊರಿಯನ್ ಮಕ್ಕಳು ಅದೇ ನಾಲಿಗೆಯಲ್ಲಿ ಅಮೆರಿಕದವರಂತೆಯೇ ಮಾತಾಡುತ್ತಾರೆ. ವ್ಯತ್ಯಾಸ ಇರುವುದು ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತಿನ ಲಯದಲ್ಲಿ.

ಕನ್ನಡದವರಾದ ನಾವೂ ‘ಕ್ಯಾಮೆರಾ’ದ ‘ಮೆ’ ಬಿಡುವವರಲ್ಲ. ನಮ್ಮ ಮಕ್ಕಳು ಹಾಗಂದಾಗ ನಗುವವರಿಗೆ ಈ ಕತೆ ಹೇಳಿ. ಒತ್ತು ಎಲ್ಲಿ ಬೀಳುತ್ತದೆ ಎಂದು ಕೇಳಿಸಿಕೊಂಡು ಕಲಿಯಬಹುದು. ಅದಕ್ಕೆ ನಾಚಿಕೆಯೂ ಬೇಡ, ಕತ್ತರಿಯೂ ಬೇಡ.